ಹೈಫಾದ ಸವಾರರಿಗೆ ವೀರಗಲ್ಲು ಎಲ್ಲಿದೆ?

ಹಳಗನ್ನಡ ಓದಿದವರೆಲ್ಲರಿಗೂ ಆತಕೂರಿನ ಶಾಸನ ಗೊತ್ತಿರುತ್ತದೆ. ಕ್ರಿ.ಶ. 949ರ ಸುಮಾರಿನ ಆ ಕಲ್ಲು ಮದ್ದೂರು ತಾಲ್ಲೂಕಿನಲ್ಲಿ ಸಿಕ್ಕಿತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇತಿಹಾಸದವರಿಗೆ ಅದು ಬೇಕಾಗುವುದು ತಕ್ಕೋಲದ ಯುದ್ಧಕ್ಕೆ, ಚೋಳ ರಾಜಾದಿತ್ಯನನ್ನು ಗಂಗರ ಬೂತುಗ ಕೊಂದ ಸುದ್ದಿಗೆ. ಆದರೆ ಆ ಕಲ್ಲು ನಿಂತಿದ್ದು ಕಾಳಿ ಎಂಬ ನಾಯಿಗೆ. ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೆರನಿಗೆ ಬೂತುಗ ಏನು ಬೇಕು ಕೇಳು ಎಂದಾಗ ಅವನು ಕೇಳಿದ್ದು ಆ ನಾಯಿಯನ್ನು. ಮುಂದೆ ಅದು ಒಂದು ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಕಲ್ಲಿನ ಮೇಲೆ ಅವೆರಡರ ಕಾದಾಟದ ಚಿತ್ರವಿದೆ. ಕಲ್ಲಿಗೆಂದು ಭೂಮಿ ಬಿಟ್ಟಿದ್ದಾರೆ. ಅದನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪವೆಲ್ಲ ಅವನಿಗೆ ಎಂದೂ ಬರೆಸಿದ್ದಾರೆ.

ತರಗತಿಯಲ್ಲಿ ಈ ಕೊನೆಯ ಮಾತಿಗೆ ನಾವು ನಗುತ್ತೇವೆ. ಈಚೆಗೆ ನನಗೆ ಅದು ಇಡೀ ಶಾಸನದ ಅತಿ ಮುಖ್ಯ ಭಾಗ ಅನ್ನಿಸತೊಡಗಿದೆ. ಕಲ್ಲು ತನ್ನಷ್ಟಕ್ಕೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ, ದಿನವೂ ಅದರ ಮುಂದೆ ಬಂದು ನಿಲ್ಲುವ ಒಬ್ಬ ಬೇಕು, ಅವನ ಊಟಕ್ಕೊಂದು ಗದ್ದೆ ಬೇಕು ಎಂಬುದು ಅದನ್ನು ಬರೆಸಿದವನಿಗೆ ತಿಳಿದಿತ್ತು. ಸ್ಮಾರಕವನ್ನು ಒಂದು ಪಠ್ಯವೆಂದು ಓದುವುದಾದರೆ, ಓದುಗನನ್ನು ನೇಮಿಸಿಕೊಂಡೇ ಹುಟ್ಟಿದ ಪಠ್ಯ ಇದು.

ಅದೇ ಬೆಂಗಳೂರಿನ ಜೆ.ಸಿ. ನಗರದಲ್ಲಿ ಇನ್ನೊಂದು ಕಲ್ಲಿದೆ. ಮೊದಲನೆಯ ಮಹಾಯುದ್ಧದಲ್ಲಿ ಸತ್ತ ಮೈಸೂರು ಲ್ಯಾನ್ಸರ್ಸ್ ಸೈನಿಕರ ಹೆಸರುಗಳನ್ನು ಕೆತ್ತಿದ ಸ್ಮಾರಕ ಅದು. ಆ ಕಲ್ಲಿಗೆ ಓದುಗ ಯಾರು ಎಂಬುದು ನನ್ನ ಪ್ರಶ್ನೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಮೈಸೂರು ಸಂಸ್ಥಾನದ ಈಟಿ ಸವಾರರ ಈ ದಳ ಇಂಪೀರಿಯಲ್ ಸರ್ವಿಸ್ ಪಡೆಗಳಲ್ಲಿ ಒಂದು, ಅಂದರೆ ಸಂಸ್ಥಾನ ತನ್ನ ಖರ್ಚಿನಲ್ಲಿ ಸಾಕಿ ಸಾಮ್ರಾಜ್ಯದ ಯುದ್ಧಕ್ಕೆ ಕಳಿಸಿಕೊಡುವ ಸೈನ್ಯ. ಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು 50 ಲಕ್ಷ ರೂಪಾಯಿ ಕೊಟ್ಟರು, ಜೊತೆಗೆ ಈ ದಳವನ್ನೂ ಕಳಿಸಿದರು. ಅವರು ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ ನಿಂತರು, ಆಮೇಲೆ ಪ್ಯಾಲೆಸ್ತೀನಿನತ್ತ ನಡೆದರು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಂದಿಗೆ ಸೇರಿ ಹೈಫಾ ಪಟ್ಟಣವನ್ನು ಹಿಡಿದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ನಡುವೆ ಇಕ್ಕಟ್ಟಾದ ದಾರಿ. ಜೋಧಪುರದವರು ಪಟ್ಟಣಕ್ಕೆ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳ ಬಾಯಿ ಮುಚ್ಚಿಸಿತು. ಆ ಕಡಿದಾದ ದಾರಿಯಲ್ಲಿ ಕುದುರೆಗಳು ಬಳಲಿ ಹಿಂದುಳಿದವು. ತುದಿ ಮುಟ್ಟಿ ಮೇಲೆ ಬಿದ್ದವರು ಕೆಲವೇ ಮಂದಿ. ಆ ದಿನದ ಲೆಕ್ಕದಲ್ಲಿ 1,350 ಸೆರೆಯಾಳುಗಳಿದ್ದಾರೆ, 17 ಫಿರಂಗಿ ಮತ್ತು 11 ಮಷಿನ್ ಗನ್ನುಗಳಿವೆ. ದಾಳಿ ಮಾಡಿದವರ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳು ಸತ್ತದ್ದು 60, ಗಾಯಗೊಂಡದ್ದು 83.

ಪ್ರತಿ ಸೆಪ್ಟೆಂಬರಿನಲ್ಲಿ ಪತ್ರಿಕೆಗಳು ಈ ಕಥೆಯನ್ನು ಮತ್ತೆ ಹೇಳುತ್ತವೆ. ಈಟಿ ಕತ್ತಿ ಹಿಡಿದವರು ಮಷಿನ್ ಗನ್ನನ್ನು ಸೋಲಿಸಿದರು, ಜಗತ್ತಿನ ಕೊನೆಯ ಮಹಾ ಅಶ್ವದಾಳಿ, ಕನ್ನಡಿಗರ ಶೌರ್ಯ ಎಂಬ ಮಾತುಗಳು ಪ್ರತಿಸಲವೂ ಅದೇ ಕ್ರಮದಲ್ಲಿ ಬರುತ್ತವೆ. ಆ ದಿನ ಇವರ ಬೆನ್ನಿಗೆ ಫಿರಂಗಿಗಳಿದ್ದವು, ಬ್ರಿಟಿಷ್ ಸವಾರರ ತುಕಡಿಯೊಂದೂ ನೆರವಿಗೆ ಬಂದಿತ್ತು ಎಂಬುದನ್ನು ಈ ನಿರೂಪಣೆ ಬಿಟ್ಟುಬಿಡುತ್ತದೆ. ಬಿಟ್ಟರೆ ಶೌರ್ಯ ಹೆಚ್ಚಾಗುತ್ತದೆ ಎಂದು ಯಾರು ಹೇಳಿದರೋ! ಆಧಾರವಿದ್ದೂ ಬೆಟ್ಟ ಹತ್ತುವುದು ಕಷ್ಟವೇ. ನನ್ನ ಮುಖ್ಯ ತಕರಾರು ಬೇರೆ. ಈ ಕಥೆಯಲ್ಲಿ ದಳಕ್ಕೆ ಹೆಸರಿದೆ, ಸತ್ತವನಿಗಿಲ್ಲ. ಜೆ.ಸಿ. ನಗರದ ಕಲ್ಲಿನ ಮೇಲಿರುವ ಹೆಸರುಗಳಲ್ಲಿ ಒಂದೂ ಈ ಬರಹಗಳಿಗೆ ಇಳಿದು ಬರುವುದಿಲ್ಲ.

ವೀರಗಲ್ಲಿನೊಂದಿಗೆ ಇದನ್ನು ಹೋಲಿಸಿ ನೋಡಬೇಕು. ಚಿದಾನಂದಮೂರ್ತಿಯವರ ಶಾಸನಗಳ ಸಾಂಸ್ಕೃತಿಕ ಅಧ್ಯಯನ, ಆರ್. ಶೇಷಶಾಸ್ತ್ರಿಯವರ ವೀರಗಲ್ಲುಗಳ ಅಧ್ಯಯನ ಇವೆರಡನ್ನೂ ಓದಿದವರಿಗೆ ಒಂದು ಸಂಗತಿ ಕಾಣದೆ ಇರದು. ವೀರಗಲ್ಲಿಗೆ ಸಾವಿನ ಕಾರಣ ಮುಖ್ಯ. ತುರುಗೊಳ್ ಎಂದರೆ ದನಕ್ಕಾಗಿ, ಊರಳಿವು ಎಂದರೆ ಊರಿಗಾಗಿ, ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮಾನಕ್ಕಾಗಿ. ಸತ್ತವನು ದೊಡ್ಡ ನಾಯಕನೇ ಆಗಬೇಕಿಲ್ಲ, ಊರಿನ ಒಬ್ಬ ಸಾಮಾನ್ಯನಾದರೂ ಆಯಿತು. ಯಾರು ಸತ್ತ, ಯಾತಕ್ಕೆ ಸತ್ತ, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬ ಮೂರಕ್ಕೂ ನಾಲ್ಕೈದು ಸಾಲಿನಲ್ಲಿ ಉತ್ತರ ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿ. ಈ ಸ್ವರ್ಗ ನಮಗೆ ಇಂದು ಸುಲಭದ ಸಮಾಧಾನವಾಗಿ ಕಾಣಬಹುದು. ಆದರೆ ಕೆಳಗಿನ ಪಟ್ಟಿಕೆ ಸುಳ್ಳು ಹೇಳುವುದಿಲ್ಲ. ಎಷ್ಟೋ ಕಲ್ಲುಗಳಲ್ಲಿ ಮೈಗೆ ನಾಟಿದ ಬಾಣಗಳನ್ನೂ ಕಾಣಿಸಿದ್ದಾರೆ.

ಇಷ್ಟು ಹೇಳಿದ ಮೇಲೆ ನಮ್ಮ ಕಾವ್ಯಪರಂಪರೆ ಸಾಮಾನ್ಯ ಸೈನಿಕನನ್ನು ನೆನೆದಿದೆ ಎಂದು ಬೀಗುವ ಹಾಗಿಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಸಂಜಯನೊಂದಿಗೆ ಹೆಣಗಳ ನಡುವೆ ನಡೆಯುವ ಭಾಗ ಕನ್ನಡದ ಶೋಕಕಾವ್ಯದ ಶಿಖರ ಎಂದು ನಾನೂ ನಂಬುತ್ತೇನೆ. ದ್ರೋಣನ ಮುಂದೆ ಒಂದು ದನಿ, ವೈರಿಯ ಮಗನಾದ ಅಭಿಮನ್ಯುವಿನ ಮುಂದೆ ಇನ್ನೊಂದು. ದುಶ್ಶಾಸನನ ಹೆಣದ ಮುಂದೆ ತಾಯಿಯ ಹಾಲು ಕುಡಿದ ಕ್ರಮ ನೆನಪಾಗಿ, ಸಾವಿನಲ್ಲಿ ಆ ಕ್ರಮ ತಪ್ಪಿತಲ್ಲ ಎಂಬ ಸಂಕಟ. ಪ್ರತಿ ಸಾವಿಗೂ ಅದರದೇ ಮಾತು ಸಿಗುತ್ತದೆ. ಆದರೆ ದುರ್ಯೋಧನ ನಿಲ್ಲುವುದು ಗುರುವಿನ ಮುಂದೆ, ತಮ್ಮನ ಮುಂದೆ, ಮಗನ ಮುಂದೆ, ಕರ್ಣನ ಮುಂದೆ. ಹನ್ನೊಂದು ಅಕ್ಷೌಹಿಣಿಯ ಉಳಿದವರು ಅವನ ಕಾಲಿಗೆ ತೊಡರುವ ಹೆಣಗಳ ರಾಶಿ. ರನ್ನ ಆ ರಾಶಿಯನ್ನು ಭೀಕರವಾಗಿ ವರ್ಣಿಸುತ್ತಾನೆ, ಅದರಲ್ಲಿ ಒಬ್ಬನನ್ನೂ ಎತ್ತಿ ಮಾತಾಡಿಸುವುದಿಲ್ಲ. ರನ್ನನಿಗಿಂತ ಎಷ್ಟೋ ಕಡಿಮೆ ಕನ್ನಡ ಬಲ್ಲ ಶಾಸನಕವಿ ಆ ಕೆಲಸವನ್ನು ಮಾಡಿದ. ಮಾರ್ಗದ ಕಾವ್ಯ ಕೈಬಿಟ್ಟವನನ್ನು ಊರಿನ ಕಲ್ಲು ಉಳಿಸಿಕೊಂಡಿತು.

ಮೊದಲ ಮಹಾಯುದ್ಧದ ಹೊತ್ತಿಗೆ ಈ ಎರಡೂ ದಾರಿಗಳು ಮುಚ್ಚಿಹೋಗಿದ್ದವು. ವೀರಗಲ್ಲು ನಿಲ್ಲಿಸುವ ರೂಢಿ ಹಿಂದೆ ಸರಿದಿತ್ತು. ಹೊಸ ಸಾಹಿತ್ಯ ಆಗಷ್ಟೇ ಏಳುತ್ತಿತ್ತು. ಲ್ಯಾನ್ಸರ್ಸ್ ಯುದ್ಧಭೂಮಿಯಲ್ಲಿದ್ದ 1915ರಲ್ಲೇ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು. 1926ರಲ್ಲಿ ಪುಸ್ತಕವಾಗಿ ಬಂದ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಕನ್ನಡಕ್ಕೆ ಹೊಸ ಛಂದಸ್ಸು, ಹೊಸ ಭಾವ ತಂದಿತು. ಆದರೆ ಅವರ ಆಯ್ಕೆ ಬಹುಪಾಲು ಅದಕ್ಕೂ ಹಿಂದಿನ, ರೊಮ್ಯಾಂಟಿಕ್ ಮತ್ತು ವಿಕ್ಟೋರಿಯನ್ ಕಾಲದ ಇಂಗ್ಲಿಷಿನದು. ಯುದ್ಧಗೀತೆ ಎಂಬ ಪ್ರಕಾರವನ್ನೇ ಒಳಗಿನಿಂದ ಒಡೆದ ವಿಲ್ಫ್ರೆಡ್ ಓವನ್, ಸಿಗ್‌ಫ್ರಿಡ್ ಸಸೂನರ ಇಂಗ್ಲಿಷ್ ನಮ್ಮ ನವೋದಯಕ್ಕೆ ಮಾದರಿಯಾಗಲಿಲ್ಲ. ಇಂಗ್ಲಿಷರ ಕವಿತೆ ನಮ್ಮ ಮನೆಗೆ ಬಂತು, ಇಂಗ್ಲಿಷರ ಯುದ್ಧಕ್ಕೆ ನಮ್ಮವರು ಹೋದರು, ಎರಡೂ ದಾರಿಯಲ್ಲಿ ಎದುರಾಗಲಿಲ್ಲ. ಲ್ಯಾನ್ಸರ್ಸ್ ದಳ ನವೋದಯದ ಮುಖ್ಯಧಾರೆಯ ಹೊರಗೇ ಉಳಿಯಿತು.

ಇದಕ್ಕೆ ಇನ್ನೊಂದು ಕಾರಣವೂ ಇದೆ ಎಂದು ನನ್ನ ಗುಮಾನಿ. ಈ ದಳದಲ್ಲಿ ಅರಸು ಮನೆತನದ ಅಧಿಕಾರಿಗಳಿದ್ದರು. ಅವರ ಜೊತೆಗೆ ದಖ್ಖನಿ ಮುಸ್ಲಿಮರಿದ್ದರು, ಮರಾಠರಿದ್ದರು. ಇವರಲ್ಲಿ ಅನೇಕರ ಮನೆಮಾತು ದಖ್ಖನಿಯೋ ಮರಾಠಿಯೋ ಆಗಿದ್ದಿರಬೇಕು. ಸತ್ತವನನ್ನು ಅವನ ಮನೆಯವರು ಅತ್ತ ಭಾಷೆ ಹೊಸ ಕನ್ನಡ ಸಾಹಿತ್ಯದ ಭಾಷೆಯಾಗಿರಲಿಲ್ಲ. ಇಂದು ನಾವು ‘ಕನ್ನಡಿಗರ ಶೌರ್ಯ’ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವಾಗ ಆ ದನಿಗಳನ್ನು ಎರಡನೆಯ ಸಲ ಹೂಳುತ್ತೇವೆ. ಅಷ್ಟೇ ಅಲ್ಲ, 1914ರ ನವೆಂಬರಿನಲ್ಲಿ ಆಟೋಮನ್ ಸುಲ್ತಾನ ಖಲೀಫನ ಹೆಸರಿನಲ್ಲಿ ಜಿಹಾದ್ ಸಾರಿದ್ದ. ಆ ಖಲೀಫನ ಸೈನ್ಯದ ಎದುರು, ಇನ್ನೊಬ್ಬ ದೊರೆಯ ಪರವಾಗಿ, ಮೂರನೆಯ ದೊರೆಯ ಉಪ್ಪುಂಡು ಈಟಿ ಎತ್ತಿದ ಮುಸ್ಲಿಂ ಸವಾರನ ಮನಸ್ಸಿನಲ್ಲಿ ಏನಿತ್ತು? ಜೋಳವಾಳಿ, ವೇಳೆವಾಳಿ ಎಂದು ಹಳಗನ್ನಡ ಪಾಠದಲ್ಲಿ ನಾವು ಬಾಯಿಪಾಠ ಮಾಡುವ ಮೌಲ್ಯಗಳು ಕಠಿಣ ಪರೀಕ್ಷೆಗೆ ಒಳಗಾದ ಗಳಿಗೆ ಇದು. ಯಾತಕ್ಕೆ ಸತ್ತ ಎಂಬ ವೀರಗಲ್ಲಿನ ಪ್ರಶ್ನೆಯನ್ನು ಸೆಪ್ಟೆಂಬರಿನ ಲೇಖನಗಳು ಯಾಕೆ ಕೇಳುವುದಿಲ್ಲವೆಂದು ಇಲ್ಲಿ ಗೊತ್ತಾಗುತ್ತದೆ. ದನಕ್ಕಾಗಿ ಎಂದು ಬರೆಯುವುದು ಸುಲಭ, ಸಾಮ್ರಾಜ್ಯಕ್ಕಾಗಿ ಎಂದು ಬರೆಯುವಾಗ ಕೈ ತಡೆಯುತ್ತದೆ.

ಕೈ ತಡೆಯದವರೂ ಇದ್ದಾರೆ. ದೆಹಲಿಯಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ಸವಾರರ ಮೂರು ಕಂಚಿನ ಪ್ರತಿಮೆಗಳು 1922ರಿಂದ ನಿಂತಿವೆ. ಲೆನಾರ್ಡ್ ಜೆನಿಂಗ್ಸ್ ಮಾಡಿದವು. ಪಕ್ಕದ ಬಂಗಲೆಗೆ ಅವುಗಳಿಂದಲೇ ತೀನ್ ಮೂರ್ತಿ ಎಂಬ ಹೆಸರು ಬಂತು. ಆಮೇಲೆ ನೆಹರೂ ಅಲ್ಲಿ ವಾಸವಿದ್ದು, ಆ ಹೆಸರು ಕೇಳಿದರೆ ನೆಹರೂ ನೆನಪಾಗುವಂತಾಯಿತು. ಮೂರು ಮೂರ್ತಿಗಳು ಯಾರವು ಎಂದು ಕೇಳುವವರು ಕಡಿಮೆಯಾದರು. 2017ರ ಜುಲೈಯಲ್ಲಿ ಪ್ರಧಾನಿ ಹೈಫಾಕ್ಕೆ ಹೋಗಿ ಜೋಧಪುರದ ಮೇಜರ್ ದಲ್ಪತ್ ಸಿಂಗರ ನೆನಪಿನ ಫಲಕ ಅನಾವರಣ ಮಾಡಿದರು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ದೆಹಲಿಗೆ ಬಂದಾಗ ಆ ಚೌಕ ‘ತೀನ್ ಮೂರ್ತಿ ಹೈಫಾ ಚೌಕ’ವಾಯಿತು. ನೂರು ವರ್ಷದ ಹಿಂದಿನ ಸವಾರರು ಮತ್ತೆ ಸೇವೆಗೆ ಬಂದರು, ಈ ಸಲ ಎರಡು ಸರ್ಕಾರಗಳ ಸ್ನೇಹಕ್ಕಾಗಿ. ಅವರು ಹೈಫಾ ಹಿಡಿದಾಗ ಇಸ್ರೇಲ್ ಎಂಬ ದೇಶವೇ ಇರಲಿಲ್ಲ, ಆ ಪಟ್ಟಣದಲ್ಲಿ ಅರಬರು ಬಹುಸಂಖ್ಯೆಯಲ್ಲಿದ್ದರು ಎಂಬುದು ಈ ಹೊಸ ಓದಿಗೆ ಬೇಡವಾದ ವಿವರ.

ಹಾಗಾದರೆ ಹೆಸರುಪಟ್ಟಿಯೊಂದೇ ಸಾಕೇ? ಪಟ್ಟಿಯೂ ಎಲ್ಲರಿಗೂ ಸಿಕ್ಕಿಲ್ಲ. ಪಂಜಾಬಿನ, ತಮಿಳುನಾಡಿನ ಹಳ್ಳಿಗಳಲ್ಲಿ ಈ ಯುದ್ಧದ ಫಲಕಗಳಿವೆ. ಈ ಊರಿನಿಂದ ಇಷ್ಟು ಜನ ಹೋದರು, ಇಷ್ಟು ಜನ ಜೀವ ಕೊಟ್ಟರು ಎಂದು ಸಂಖ್ಯೆ ಮಾತ್ರ ಹೇಳುವ ಫಲಕಗಳು. ಸತ್ತ ಪ್ರತಿಯೊಬ್ಬನಿಗೂ ಸಮಾನ ಗೌರವ ಎಂಬ ತತ್ತ್ವದ ಮೇಲೆ ನಿಂತ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರಲ್ಲಿ ಒಂದು ವರದಿ ಪ್ರಕಟಿಸಿ, ಕನಿಷ್ಠ 45,000ದಿಂದ 54,000 ಮಂದಿಗೆ ಆ ಸಮಾನತೆ ಸಿಕ್ಕಿಲ್ಲವೆಂದು ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಭಾರತ, ಆಫ್ರಿಕಾ, ಈಜಿಪ್ಟಿನವರು. ಅದನ್ನು ನೋಡಿದರೆ ಜೆ.ಸಿ. ನಗರದ ಕಲ್ಲಿನ ಮೇಲೆ ಹೆಸರುಗಳಿರುವುದು ಸಣ್ಣ ಸಂಗತಿಯಲ್ಲ.

ಹೆಸರುಪಟ್ಟಿಯನ್ನು ಓದುವುದು ಎಂದರೇನೆಂದು ತೋರಿಸಿದ್ದು ಭೀಮಾ ಕೋರೆಗಾಂವ್. 1818ರ ಜನವರಿ 1ರ ಯುದ್ಧದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಆ ಕಂಬವನ್ನು ನಿಲ್ಲಿಸಿದ್ದು ತನ್ನ ವಿಜಯವನ್ನು ಹೊಗಳಿಕೊಳ್ಳಲು. ಅದರ ಮೇಲಿನ 49 ಹೆಸರುಗಳಲ್ಲಿ 22 ಹೆಸರುಗಳ ಕೊನೆಗೆ ‘ನಾಕ’ ಎಂದಿತ್ತು. ಅದು ಮಹಾರರ ಹೆಸರಿನ ಗುರುತು. ಮುಂದೆ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದಾಗ ಆ ಎರಡಕ್ಷರ ಸಾಕ್ಷ್ಯವಾಯಿತು. 1927ರ ಜನವರಿ 1ರಂದು ಅಂಬೇಡ್ಕರ್ ಅಲ್ಲಿಗೆ ಹೋದರು. ಅಲ್ಲಿಂದಾಚೆಗೆ ಕಂಪನಿ ಬರೆದ ಪಠ್ಯ ಕಂಪನಿಯದಾಗಿ ಉಳಿಯಲಿಲ್ಲ. ಆ ಓದನ್ನು ಒಪ್ಪದ ಇತಿಹಾಸಕಾರರಿದ್ದಾರೆ, ಇರಲಿ. ಅಲ್ಲಿ ಗೊರವನ ಕೆಲಸವನ್ನು ಒಂದು ಸಮುದಾಯವೇ ವಹಿಸಿಕೊಂಡಿತು, ಅದೂ ಹೆಸರಿನ ಕೊನೆಯ ಎರಡಕ್ಷರದ ಬಲದಿಂದ.

ಮೈಸೂರಿನ ಸವಾರರಿಗೆ ಅಂಥ ಒಂದು ಸಮುದಾಯ ಇಲ್ಲ. ಅವರು ಹಲವು ಸಮುದಾಯಗಳವರು, ಅವರ ದಳವೂ ಸ್ವಾತಂತ್ರ್ಯದ ನಂತರ 61ನೆಯ ಕ್ಯಾವಲ್ರಿಯಲ್ಲಿ ಕರಗಿತು. ಹಾಗಾಗಿ ಈ ಕೆಲಸ ಸಾಹಿತ್ಯದ್ದು ಎಂದು ನಾನು ಹೇಳುತ್ತೇನೆ. ಹೈಫಾದ ಬಗ್ಗೆ ಕನ್ನಡದಲ್ಲಿ ಒಂದು ಕಾದಂಬರಿ ಬರುವುದಾದರೆ ಅದು ಬೆಟ್ಟದ ಮೇಲಿನ ದಾಳಿಯಿಂದ ಶುರುವಾಗುವುದು ಬೇಡ. ಜೆ.ಸಿ. ನಗರದ ಆ ಪಟ್ಟಿಯ ಒಂದು ಹೆಸರಿನಿಂದ ಶುರುವಾಗಲಿ. ಸಾವಿನ ಸುದ್ದಿ ಯಾವ ಭಾಷೆಯಲ್ಲಿ ಮನೆಗೆ ಬಂತು, ಅದನ್ನು ಓದಿ ಹೇಳಿದವರು ಯಾರು, ಪಿಂಚಣಿ ಯಾರ ಕೈ ಸೇರಿತು ಎಂದು ಕೇಳಲಿ. ದಖ್ಖನಿಯನ್ನು ಹಾಸ್ಯಕ್ಕಲ್ಲದೆ ದುಃಖಕ್ಕೂ ಬಳಸಲು ಕಲಿಯಲಿ. ಸತ್ತ 60 ಕುದುರೆಗಳು ದಾಖಲೆಯಲ್ಲಿ ಬರೀ ಅಂಕಿ. ಬೂತುಗನ ನಾಯಿಗೆ ಕಾಳಿ ಎಂಬ ಹೆಸರಿತ್ತೆಂದು ಸಾವಿರ ವರ್ಷದ ಮೇಲೂ ನಮಗೆ ಗೊತ್ತು. ಕಾರ್ಮೆಲ್ಲಿನ ದಾರಿಯಲ್ಲಿ ಬಳಲಿ ನಿಂತ ತನ್ನ ಕುದುರೆಯನ್ನು ಆ ಸವಾರ ಏನೆಂದು ಕರೆದ?