ಮೊದಲು ಬಿಳಿ ಗರಿ ನೋಡಿ

ಒಳ್ಳೆಯ ಹಕ್ಕಿಚಿತ್ರ ಕಂಡರೆ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ, ‘ಯಾವ ಲೆನ್ಸು?’ ಆಮೇಲೆ, ‘ಎಷ್ಟು ಹೊತ್ತು ಕಾದಿರಿ?’ ಈ ಎರಡಕ್ಕೂ ಉತ್ತರ ಸಿಕ್ಕರೂ ಚಿತ್ರ ಹೇಗಿದೆ ಅನ್ನುವುದು ಗೊತ್ತಾಗುವುದಿಲ್ಲ. ನನ್ನ ಕಣ್ಣು ಮೊದಲು ಹೋಗುವುದು ಬಿಳಿ ಗರಿಗಳ ಮೇಲೆ. ಅವು ಒಂದೊಂದಾಗಿ ಕಾಣುತ್ತಿವೆಯೋ, ಸುಣ್ಣ ಬಳಿದ ಗೋಡೆಯ ಹಾಗಿವೆಯೋ?

ರಂಗನತಿಟ್ಟಿನ ಬಿಳಿ ಕೆಂಬರಲನ್ನೇ ತೆಗೆದುಕೊಳ್ಳಿ. ಮೈಯೆಲ್ಲ ಬಿಳಿ, ತಲೆ, ಕತ್ತು, ಬಾಗಿದ ಕೊಕ್ಕು, ಕಾಲು ಮಾತ್ರ ಕಪ್ಪು. ಬೆನ್ನ ಹಿಂದೆ ನಡುಗಡ್ಡೆಯ ದಟ್ಟ ಹಸಿರು. ಕ್ಯಾಮೆರಾದ ಮೀಟರಿಗೆ ಹಕ್ಕಿ ಯಾವುದು, ಗಿಡ ಯಾವುದು ಗೊತ್ತಿಲ್ಲ. ಕಂಡದ್ದನ್ನೆಲ್ಲ ಸರಾಸರಿ ಮಾಡಿ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಕ್ಕಿ ಚಿಕ್ಕದಾಗಿ, ಹಸಿರು ಹೆಚ್ಚಾಗಿ ಕಂಡಾಗ ‘ಕತ್ತಲಾಯಿತು’ ಎಂದುಕೊಂಡು ಬೆಳಕು ಏರಿಸುತ್ತದೆ, ಬಿಳಿ ಸುಟ್ಟುಹೋಗುತ್ತದೆ. ಅದೇ ಹಕ್ಕಿ ಚೌಕಟ್ಟು ತುಂಬಿದರೆ ‘ಬೆಳಕು ಹೆಚ್ಚಾಯಿತು’ ಎಂದು ಇಳಿಸುತ್ತದೆ, ಬಿಳಿ ಮಾಸಲಾಗುತ್ತದೆ. ಮೊದಲನೆಯದಕ್ಕೆ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು ಇಳಿಸಬೇಕು, ಎರಡನೆಯದಕ್ಕೆ ಏರಿಸಬೇಕು. ಬಿಳಿ ಹಕ್ಕಿಗೆ ಯಾವಾಗಲೂ ಪ್ಲಸ್ ಎಂದು ಬಾಯಿಪಾಠ ಮಾಡಿಕೊಂಡವರು ಕೆಡುವುದು ಇಲ್ಲೇ. ಸಂದೇಹವಿದ್ದರೆ ಕತ್ತಲ ಕಡೆಗೇ ವಾಲುವುದು ಮೇಲು. ರಾ ಫೈಲಿನಲ್ಲಿ ನೆರಳನ್ನು ಒಂದಿಷ್ಟು ಎತ್ತಬಹುದು. ಪೂರ್ತಿ ಸುಟ್ಟ ಬಿಳಿಯಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಬಿಳಿ ಉಳಿಯಿತು ಅನ್ನಿ. ಈಗ ಕಪ್ಪು ತಲೆ ನೋಡಿ. ಕಪ್ಪು ಚರ್ಮದಲ್ಲಿ ಕಪ್ಪು ಕಣ್ಣು. ಅದರಲ್ಲಿ ಬೆಳಕಿನ ಒಂದು ಚುಕ್ಕೆ ಇಲ್ಲದಿದ್ದರೆ ಹಕ್ಕಿಗೆ ಕಣ್ಣೇ ಇಲ್ಲವೇನೋ ಅನ್ನಿಸುತ್ತದೆ. ಆ ಚುಕ್ಕೆ ಬೇಕಾದರೆ ಸೂರ್ಯ ಕೆಳಗಿರಬೇಕು, ಹಕ್ಕಿ ತಲೆಯನ್ನು ತುಸು ಇತ್ತ ಹೊರಳಿಸಬೇಕು. ನಡುಹಗಲಿನ ಚಿತ್ರಗಳಲ್ಲಿ ಕಣ್ಣಗುಳಿ ನೆರಳಲ್ಲಿ ಮುಳುಗಿರುವುದನ್ನು ಗಮನಿಸಿ.

ಇನ್ನು ಚೌಕಟ್ಟು. ಹಕ್ಕಿ ನೋಡುತ್ತಿರುವ ಕಡೆ ಹೆಚ್ಚು ಜಾಗ ಬಿಡಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುವ ಸೂತ್ರ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ ಮುಖ್ಯ ಅನ್ನಿಸುವುದು ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತು ಅನ್ನುವುದು. ರಂಗನತಿಟ್ಟಿನಲ್ಲಿ ದೋಣಿ ನೀರಿಗೆ ಹತ್ತಿರ ಕೂತಿರುತ್ತದೆ, ಹಾಗಾಗಿ ಬಂಡೆ ಮೇಲಿನ ಹಕ್ಕಿಗೆ ಹೆಚ್ಚುಕಡಿಮೆ ಕಣ್ಣಿಗೆ ಕಣ್ಣು ಸೇರುತ್ತದೆ. ಮರದ ತುದಿಯ ಬಣ್ಣದ ಕೊಕ್ಕರೆಯನ್ನು ಕೆಳಗಿನಿಂದ ತೆಗೆದರೆ ಸಿಗುವುದು ಹೊಟ್ಟೆ ಮತ್ತು ಬೆಳ್ಳಗಿನ ಆಕಾಶ. ಆ ಹಕ್ಕಿಯ ಚೆಲುವೋ ಬೆನ್ನಿನ ಹಿಂಬದಿಯ ಗುಲಾಬಿ ಗರಿಗಳಲ್ಲಿದೆ!

ಹಿನ್ನೆಲೆ ನುಣುಪಾಗಿ ಮಸುಕಾಗಿದ್ದರೆ ಲೆನ್ಸಿಗಷ್ಟೇ ಶಹಬ್ಬಾಸ್ ಹೇಳಬೇಡಿ. ಹಕ್ಕಿಗೂ ಹಿಂದಿನ ಗಿಡಕ್ಕೂ ನಡುವೆ ದೂರವಿರುವ ಕೋನ ಹುಡುಕಿದ್ದು ತೆಗೆದವರ ಕಣ್ಣು. ಆದರೆ ಈಚೆಗೆ ಎಲ್ಲ ಚಿತ್ರಗಳ ಹಿಂದೆಯೂ ಒಂದೇ ಹಸಿರು ಪರದೆ ಕಂಡು ಬೇಸರವಾಗುತ್ತದೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಮನೆಯ ಹೆಂಚಿನ ಮೇಲಿನ ಮರದಲ್ಲೇ ಗೂಡು ಕಟ್ಟುವ ಹಕ್ಕಿ. ಹೆಂಚು, ಅಂಗಳ, ತಂತಿ ಮೇಲಿನ ಬಟ್ಟೆ ಎಲ್ಲವನ್ನೂ ಮಸುಕು ಮಾಡಿದರೆ ಅದು ಯಾವ ಊರಿನ ಹಕ್ಕಿಯೂ ಆಗಬಹುದು. ಹಕ್ಕಿ ಅಂಗೈಯಷ್ಟು ಚಿಕ್ಕದಾಗಿ ಕಂಡರೂ ಊರು ಕಾಣುವ ಚಿತ್ರಕ್ಕೆ ನನ್ನ ಓಟು.

ಗೂಡಿನ ಚಿತ್ರವಾದರೆ ಅಂಚುಗಳನ್ನು ಹುಡುಕಿ ನೋಡಿ. ಮುರಿದ ಕೊಂಬೆ, ಕಟ್ಟಿ ಹಿಂದೆಳೆದ ಎಲೆ ಕಂಡರೆ ಮರಿಗಳ ನೆರಳು ತೆಗೆದು ಬೆಳಕು ತಂದಿದ್ದಾರೆ ಎಂದರ್ಥ. ಎಕ್ಸ್‌ಪೋಷರ್ ಎಷ್ಟೇ ಸರಿಯಿರಲಿ, ನಾನಂತೂ ಮೆಚ್ಚುವುದಿಲ್ಲ.

ಒಂದು ಮಾತು: ಇದನ್ನೆಲ್ಲ ಬಿಸಿಲಲ್ಲಿ ನಿಂತು ಮೊಬೈಲಿನಲ್ಲಿ ನೋಡಿ ತೀರ್ಮಾನಿಸಬೇಡಿ. ಪರದೆಯ ಬೆಳಕು ಏರಿದ್ದರೆ ಕತ್ತಲ ಚಿತ್ರವೂ ಸರಿಯಾಗಿ ಕಾಣುತ್ತದೆ. ಪ್ರಿಂಟು ಸಿಕ್ಕರೆ ಕಿಟಕಿ ಪಕ್ಕಕ್ಕೆ ಒಯ್ದು, ಬಿಳಿ ಗರಿಯ ಜಾಗದಲ್ಲಿ ಬರೀ ಕಾಗದ ಉಳಿದಿದೆಯೇ ನೋಡಿ.