ಮಂಜರೂರಿನ ಆಶು

ಅಕ್ಷರವಿರುವ ಕಾಗದ ಕಾಲಿಗೆ ತಾಕಿದರೆ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಳಿದಿದೆ. ಹಾಗಿದ್ದೂ ಹಳೆಯ ಪತ್ರ, ಜಿನಸಿಯ ಪಟ್ಟಿ, ಲೆಕ್ಕದ ಪುಸ್ತಕಗಳನ್ನು ರದ್ದಿಯವನಿಗೆ ತೂಗಿ ಕೊಡಲು ನಾವು ಹಿಂದೆಮುಂದೆ ನೋಡುವುದಿಲ್ಲ. ಯೆಹೂದಿಗಳ ಸಂಪ್ರದಾಯ ಇದಕ್ಕಿಂತ ಬಿಗಿಯಾದದ್ದು. ದೇವರ ಹೆಸರು ಬರೆದ ಹಾಳೆಯನ್ನು ಅವರು ಸುಡುವಂತಿಲ್ಲ, ಕಸಕ್ಕೆ ಎಸೆಯುವಂತಿಲ್ಲ. ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಾರೆ. ಅದಕ್ಕೆ ಗೆನಿಜಾ ಎಂದು ಹೆಸರು. ಹಳೆಯ ಕೈರೋದ ಬೆನ್ ಎಜ್ರಾ ಮಂದಿರದ ಗೆನಿಜಾದಲ್ಲಿ ಧರ್ಮಗ್ರಂಥದ ಹಾಳೆಗಳ ಜೊತೆಗೆ ವ್ಯಾಪಾರದ ಪತ್ರ, ಮದುವೆಯ ಕರಾರು, ಬಳುವಳಿಯ ಪಟ್ಟಿ, ಮಕ್ಕಳು ಅಕ್ಷರ ತಿದ್ದಿದ ಹಾಳೆ ಎಲ್ಲವೂ ಶತಮಾನಗಟ್ಟಲೆ ಬಿದ್ದಿದ್ದವು.

ಈ ಕಾಗದಗಳ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ವಿದ್ವಾಂಸರು ಬರೆಯುತ್ತಲೇ ಇದ್ದಾರೆ. ನಾನು ಹೀಬ್ರೂ ಬಲ್ಲವಳಲ್ಲ, ಅರಬ್ಬಿಯೂ ಬಾರದು. ಇಂಗ್ಲಿಷಿನಲ್ಲಿ ಬಂದದ್ದನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದವಳು. ಆದರೂ ನಾಲ್ಕು ಮಾತು ಹೇಳಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಆ ರಾಶಿಯಲ್ಲಿ ನಮ್ಮ ಮಂಗಳೂರಿನ ಒಬ್ಬ ಹೆಂಗಸಿದ್ದಾಳೆ.

ಕಥೆ ಶುರುವಾಗುವುದೂ ಹೆಂಗಸರಿಂದಲೇ. ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಸ್ಕಾಟ್ಲೆಂಡಿನ ಅವಳಿ ಸೋದರಿಯರು. ಪ್ರಾಚೀನ ಭಾಷೆಗಳನ್ನು ಸ್ವಂತ ಛಲದಿಂದ ಕಲಿತವರು. 1896ರಲ್ಲಿ ಪೂರ್ವದೇಶಗಳ ಪ್ರವಾಸದಿಂದ ಒಂದಿಷ್ಟು ಹಳೆಯ ಹಾಳೆಗಳನ್ನು ಕೊಂಡು ತಂದು ಕೇಂಬ್ರಿಜ್‌ನ ವಿದ್ವಾಂಸ ಸೊಲೊಮನ್ ಶೆಕ್ಟರ್ ಅವರಿಗೆ ತೋರಿಸಿದರು. ಅದರ ಬೆಲೆ ಅರಿತ ಶೆಕ್ಟರ್ ಅದೇ ವರ್ಷದ ಕೊನೆಗೆ ಕೈರೋಗೆ ಹೊರಟು, ಸುಮಾರು 1 ಲಕ್ಷ 90 ಸಾವಿರ ತುಣುಕುಗಳನ್ನು ಕೇಂಬ್ರಿಜ್‌ಗೆ ತಂದರು. ಸಂಗ್ರಹಕ್ಕೆ ಶೆಕ್ಟರ್ ಹೆಸರೂ, ಬೆಂಬಲವಾಗಿ ನಿಂತ ಟೇಲರ್ ಹೆಸರೂ ಸೇರಿದವು. ಸೋದರಿಯರಿಗೆ ಬೇರೆ ವಿಶ್ವವಿದ್ಯಾಲಯಗಳು ಗೌರವ ಪದವಿ ಕೊಟ್ಟವು. ಕೇಂಬ್ರಿಜ್ ಮಾತ್ರ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಅಷ್ಟು ಹೊತ್ತಿಗೆ ಅವರಿಬ್ಬರೂ ತೀರಿಕೊಂಡು ಎರಡು ದಶಕಗಳೇ ಕಳೆದಿದ್ದವು.

ಮೊದಲ ತಲೆಮಾರಿನ ವಿದ್ವಾಂಸರ ಕಣ್ಣು ಧರ್ಮಗ್ರಂಥಗಳ ಮೇಲಿತ್ತು. ಯಾರು ಯಾರಿಗೆ ಎಷ್ಟು ಬಾಕಿ, ಮದುಮಗಳು ಎಷ್ಟು ಬಟ್ಟೆ ತಂದಳು ಎನ್ನುವುದು ವಿದ್ವತ್ತಿನ ವಿಷಯವೆಂದು ಹೆಚ್ಚಿನವರಿಗೆ ತೋರಲಿಲ್ಲ. ಈ ದೃಷ್ಟಿಯನ್ನು ಬದಲಿಸಿದವರಲ್ಲಿ ಮುಖ್ಯರು ಎಸ್. ಡಿ. ಗೊಯ್ಟೈನ್. ‘ಎ ಮೆಡಿಟರೇನಿಯನ್ ಸೊಸೈಟಿ’ ಎಂಬ ಅವರ ಗ್ರಂಥದ ಐದು ಸಂಪುಟಗಳು 1967ರಿಂದ 1988ರವರೆಗೆ ಬಂದವು. ಮೂರನೆಯದು ಕುಟುಂಬದ ಬಗ್ಗೆಯೇ ಇದೆ. ಅಲ್ಲಿ ಬರುವ ವುಹ್ಶಾ ಎಂಬವಳನ್ನು ಮರೆಯುವುದು ಕಷ್ಟ. ಸ್ವಂತವಾಗಿ ವ್ಯವಹಾರ ಮಾಡಿ ಹಣ ಗಳಿಸಿದವಳು. ಮದುವೆಯ ಹೊರಗೆ ಮಗು ಪಡೆದಳೆಂದು ಅವಳನ್ನು ಪವಿತ್ರ ದಿನದಂದು ಪ್ರಾರ್ಥನಾ ಮಂದಿರದಿಂದ ಹೊರಗೆ ಕಳಿಸಿದರು. ಅವಳೋ ತನ್ನ ಉಯಿಲಿನಲ್ಲಿ ಮಂದಿರಗಳಿಗೆ, ರಾತ್ರಿ ಓದುವವರ ದೀಪದೆಣ್ಣೆಗೆಂದು ಹಣ ಬಿಟ್ಟಳು. ಅವಳ ಪರಿಚಯ ನಮಗಾದದ್ದು ಹಣಕಾಸಿನ ಕಾಗದಗಳನ್ನೂ ಓದುವವರೊಬ್ಬರು ಸಿಕ್ಕಿದ್ದರಿಂದ.

ಭಾರತದ ಜೊತೆಗಿನ ವ್ಯಾಪಾರದ ಪತ್ರಗಳನ್ನು ಗೊಯ್ಟೈನ್ ದಶಕಗಳ ಕಾಲ ಕೂಡಿಸುತ್ತ ಬಂದರು. ಪುಸ್ತಕ ಕಣ್ಣಿಂದ ನೋಡುವ ಭಾಗ್ಯ ಅವರಿಗಿರಲಿಲ್ಲ. ಅವರು 1985ರಲ್ಲಿ ತೀರಿಕೊಂಡರು. ಅವರ ಶಿಷ್ಯ ಮೊರ್ದೆಖಾಯ್ ಫ್ರೀಡ್‌ಮನ್ ಮುಗಿಸಿದ ‘ಇಂಡಿಯಾ ಟ್ರೇಡರ್ಸ್ ಆಫ್ ದಿ ಮಿಡಲ್ ಏಜಸ್’ 2008ರಲ್ಲಿ ಹೊರಬಂತು. ಗುರುವಿನ ಕೆಲಸವನ್ನು ಇಷ್ಟು ನಿಷ್ಠೆಯಿಂದ ದಡ ಮುಟ್ಟಿಸಿದ್ದಕ್ಕೆ ಕೈಮುಗಿಯಬೇಕು. ಕಾಗದ ಹರಿದಲ್ಲಿ ಹರಿದಿದೆಯೆಂದೇ ತೋರಿಸುತ್ತಾರೆ, ಊಹೆಯನ್ನು ಊಹೆಯೆಂದೇ ಹೇಳುತ್ತಾರೆ.

ಈ ಪುಸ್ತಕದ ದೊಡ್ಡ ಭಾಗ ಅಬ್ರಹಾಂ ಬೆನ್ ಯಿಜು ಎಂಬ ವ್ಯಾಪಾರಿಯದು. ಟುನೀಸಿಯಾದ ಕಡೆಯವನು. 1132ರ ಹೊತ್ತಿಗೆ ಮಂಗಳೂರಿಗೆ, ಪತ್ರಗಳಲ್ಲಿ ಹೇಳುವಂತೆ ಮಂಜರೂರಿಗೆ, ಬಂದು ನೆಲೆಸಿದ. ಕರಿಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಏಡನ್ನಿನ ಗೆಳೆಯರು ಅವನ ಮನೆಗೆ ಸಕ್ಕರೆ, ಬಾದಾಮಿ, ದ್ರಾಕ್ಷಿ, ಬರೆಯಲು ಒಳ್ಳೆಯ ಕಾಗದ ಕಳಿಸುತ್ತಿದ್ದರು. 1132ರ ಅಕ್ಟೋಬರ್ 17ರಂದು ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಆ ಪತ್ರ ಇಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಅದರಲ್ಲಿ ಅವಳಿಗೆ ಬೆರಾಖಾ ಎಂಬ ಹೊಸ ಹೆಸರು. ಆಶೀರ್ವಾದ ಎಂದು ಅರ್ಥ. ಅವನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರ ತೀರ್ಮಾನ.

ಅಮಿತಾವ್ ಘೋಷ್ ತಮ್ಮ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ನಲ್ಲಿ (1992) ಈ ಸಂಸಾರದ ಬೆನ್ನು ಹತ್ತಿ ಮಂಗಳೂರಿಗೇ ಬಂದರು. ಬೆನ್ ಯಿಜುವಿನ ಆಳಿನ ಹೆಸರು ಪತ್ರಗಳಲ್ಲಿ ಮೂರೇ ಅಕ್ಷರ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಪೂರ್ತಿ ಬರೆಯುವುದಿಲ್ಲವಾದ್ದರಿಂದ ಅದನ್ನು ಓದುವ ಬಗೆ ಹಲವು. ಅದು ತುಳುನಾಡಿನ ‘ಬೊಮ್ಮ’ ಇರಬೇಕೆಂದು ಗುರುತಿಸಲು ನೆರವಾದವರು ಮಂಗಳೂರು ವಿಶ್ವವಿದ್ಯಾಲಯದ ಬಿ. ಎ. ವಿವೇಕ ರೈ. ಹೀಬ್ರೂ, ಅರಬ್ಬಿ ಎರಡನ್ನೂ ಅರೆದು ಕುಡಿದವರಿಗೂ ಇಲ್ಲಿಯ ಜನರ ಹೆಸರು ಬಲ್ಲವರು ಬೇಕಾದರು. ನಮ್ಮ ವಿದ್ಯಾರ್ಥಿನಿಯರಲ್ಲಿ ಒಬ್ಬಿಬ್ಬರಾದರೂ ಈ ಕಡೆ ತಿರುಗಲಿ ಎಂಬ ಆಸೆ ನನಗೆ ಹುಟ್ಟಿದ್ದು ಈ ಪುಟಗಳನ್ನು ಓದುವಾಗ.

ಆದರೆ ಆಶುವಿನ ವಿಷಯದಲ್ಲಿ ಘೋಷ್ ಅವರ ಜೊತೆ ನನಗೆ ತಕರಾರಿದೆ. ಬೆನ್ ಯಿಜು ಅವಳನ್ನು ಬಿಡುಗಡೆ ಮಾಡಿದ್ದರ ಹಿಂದೆ ಪ್ರೀತಿಯಿತ್ತು ಎಂಬ ಕಡೆಗೇ ಅವರ ಮನಸ್ಸು ವಾಲುತ್ತದೆ. ಖಚಿತ ಪುರಾವೆಯಿಲ್ಲ ಎಂದು ಅವರೂ ಒಪ್ಪುತ್ತಾರೆ, ನಿಜ. ಆದರೂ ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವುದು ಪ್ರೇಮಕಥೆಯೇ. ಅವರ ಉದ್ದೇಶ ಒಳ್ಳೆಯದು, ಮರೆತುಹೋದವಳಿಗೆ ಒಂದು ಮನಸ್ಸು ಕೊಡುವುದು. ಆದರೆ ಅವರು ಕೊಟ್ಟದ್ದು ಅವನ ಮನಸ್ಸನ್ನು. ಪ್ರೀತಿ ಇದ್ದಿದ್ದರೂ ಅದು ಅವಳ ಒಡೆಯನ ಪ್ರೀತಿ. ‘ಒಲ್ಲೆ’ ಎನ್ನುವ ಹಕ್ಕು ದಾಸಿಗಿತ್ತೇ? ಈ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು.

ಯೆಹೂದಿ ಧರ್ಮಶಾಸ್ತ್ರದ ದಾರಿ ಹಿಡಿದರೆ ಇನ್ನೊಂದು ಅರ್ಥ ಕಾಣುತ್ತದೆ. ಬಿಡುಗಡೆಯಾಗದ ದಾಸಿಯ ಮಕ್ಕಳಿಗೆ ತಾಯಿಯ ಸ್ಥಾನವೇ ಬರುತ್ತದೆ, ಅವರೂ ದಾಸರೇ. ಆದ್ದರಿಂದ ಬಿಡುಗಡೆ ಪತ್ರ ಹುಟ್ಟಲಿರುವ ಮಕ್ಕಳ ಭದ್ರತೆಯೂ ಹೌದು. ಈ ಅರ್ಥ ಒಣದಾಗಿದೆ, ಕಾದಂಬರಿಗೆ ಒದಗುವುದಿಲ್ಲ. ಆದರೆ ನನಗೆ ಇದೇ ಹೆಚ್ಚು ನಂಬಿಕೆಗೆ ಅರ್ಹವೆನ್ನಿಸುತ್ತದೆ.

ಹಾಗೆಂದು ವಿದ್ವತ್ ಗ್ರಂಥವನ್ನೂ ಸುಮ್ಮನೆ ಬಿಡುವಂತಿಲ್ಲ. 2008ರ ಪುಸ್ತಕ ನಿಂತಿರುವುದು ಮೂವರು ಗಂಡಸರ ಹೆಸರಿನ ಭಾಗಗಳ ಮೇಲೆ. ಆಶುವಿನ ಬಿಡುಗಡೆಯ ಪತ್ರವೂ ಬೆನ್ ಯಿಜುವಿನ ಕಾಗದಪತ್ರಗಳಲ್ಲೊಂದಾಗಿ ಬರುತ್ತದೆ. ಪತ್ರ ಬರೆದವರೂ ಪಡೆದವರೂ ಅವರೇ ಆದ್ದರಿಂದ ಇದು ಸಹಜ ಎನ್ನಬಹುದು. ಆದರೆ ಆ ಮನೆಗೆ ಸಕ್ಕರೆ, ದ್ರಾಕ್ಷಿ ಬಂದಾಗ ಬಿಚ್ಚಿ ಡಬ್ಬಿಗೆ ತುಂಬಿದವರು ಯಾರು ಎಂದು ಕೇಳಿಕೊಂಡು ಓದಿದರೆ ಅದೇ ಪತ್ರ ಬೇರೆಯಾಗಿ ಕಾಣುತ್ತದೆ. ಇಂಥ ಗ್ರಂಥಗಳ ಬೆಲೆಯೂ ಸಣ್ಣ ಊರಿನ ಗ್ರಂಥಾಲಯಗಳಿಗೆ ಎಟುಕುವಂಥದ್ದಲ್ಲ. ಸಮಾಧಾನವೆಂದರೆ, ಕೇಂಬ್ರಿಜ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು ಸಾವಿರಾರು ಗೆನಿಜಾ ಹಾಳೆಗಳ ಚಿತ್ರಗಳನ್ನು ಅಂತರ್ಜಾಲದಲ್ಲಿ ಹಣವಿಲ್ಲದೆ ನೋಡಲು ಇಟ್ಟಿವೆ.

1149ರಲ್ಲಿ ಬೆನ್ ಯಿಜು ಮಗ, ಮಗಳೊಂದಿಗೆ ಏಡನ್ನಿಗೆ ಮರಳಿದ. ಮುಂದೆ 1156ರಲ್ಲಿ ಮಗಳು ಸಿತ್ ಅಲ್ ದಾರ್‌ಗೆ ಈಜಿಪ್ಟಿನಲ್ಲಿ ತನ್ನ ಅಣ್ಣತಮ್ಮಂದಿರ ಮನೆಯ ಹುಡುಗನೊಡನೆ ಮದುವೆಯಾಯಿತು. ಅವಳ ಹೆಸರಿನ ಅರ್ಥ ಮನೆಯ ಒಡತಿ. ಆಶು ಆ ಹಡಗು ಹತ್ತಿದಳೇ, ಮಂಜರೂರಿನ ದಡದಲ್ಲೇ ಉಳಿದಳೇ, ಅಷ್ಟರೊಳಗೆ ಸತ್ತಿದ್ದಳೇ, ಯಾವ ಪತ್ರವೂ ಹೇಳುವುದಿಲ್ಲ. ಅವಳ ಬಗ್ಗೆ ಬರೆಯುವವರು ಆ ಜಾಗವನ್ನು ಖಾಲಿ ಬಿಟ್ಟೇ ಬರೆಯಲಿ ಎಂದು ನನ್ನ ಕೋರಿಕೆ. ಖಾಲಿ ಬಿಟ್ಟರೆ ಮಾತ್ರ ಮುಂದೆ ಯಾರಾದರೂ ಹುಡುಕಿಯಾರು.