ತೋಟಗಾರನಿಗೆ ಗಡುವು ಏಕೆ?

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಫ್ಯಾಂಟಸಿ ಕಾದಂಬರಿ ಸರಣಿಯ ಐದನೆಯ ಸಂಪುಟ ‘ಎ ಡ್ಯಾನ್ಸ್ ವಿತ್ ಡ್ರ್ಯಾಗನ್ಸ್’ ಪ್ರಕಟವಾದದ್ದು 2011ರಲ್ಲಿ. ಮುಂದಿನ ಸಂಪುಟ ‘ದಿ ವಿಂಡ್ಸ್ ಆಫ್ ವಿಂಟರ್’ಗಾಗಿ ಓದುಗರು ಇನ್ನೂ ಕಾಯುತ್ತಿದ್ದಾರೆ. ಈ ವಿಳಂಬದ ಬಗ್ಗೆ ಬೇಕಾದಷ್ಟು ಸಿಟ್ಟು ಹರಿದಿದೆ. ಇಷ್ಟು ವರ್ಷ ಅವರು ತಮ್ಮ ಓದುಗರಿಗಾಗಿ ಅಂತರ್ಜಾಲದಲ್ಲಿ ಬರೆಯುತ್ತ ಬಂದ ಟಿಪ್ಪಣಿಗಳನ್ನು ಮಾತ್ರ ಯಾರೂ ಬರವಣಿಗೆಯೆಂದು ಓದಿದಂತಿಲ್ಲ. ಬಂದವರೆಲ್ಲ ಅಲ್ಲಿ ಹುಡುಕುವುದು ಒಂದೇ ಒಂದು ತಾರೀಕನ್ನು.

ಆ ಟಿಪ್ಪಣಿಗಳಲ್ಲಿ ಸಾಂಟಾ ಫೆಯಲ್ಲಿ ಅವರು ಕೊಂಡು ನಡೆಸುತ್ತಿರುವ ಚಿತ್ರಮಂದಿರವಿದೆ, ಫುಟ್‌ಬಾಲ್ ಇದೆ, ತೀರಿಹೋದ ಬರಹಗಾರ ಗೆಳೆಯರ ನೆನಪಿದೆ. 1987ರಿಂದ ಸಂಪಾದಿಸುತ್ತಿರುವ ‘ವೈಲ್ಡ್ ಕಾರ್ಡ್ಸ್’ ಸರಣಿ, 2018ರ ‘ಫೈರ್ ಅಂಡ್ ಬ್ಲಡ್’ನ ಬಾಕಿ ಉಳಿದ ಎರಡನೆಯ ಭಾಗ, ಡಂಕ್ ಮತ್ತು ಎಗ್ ಜೋಡಿಯ ಮುಂದಿನ ಕಥೆಗಳು, ಟೀವಿ ಸರಣಿಗಳು ಎಲ್ಲವೂ ಇವೆ. ಇದನ್ನು ನೋಡಿದವರು ‘ಇಷ್ಟೆಲ್ಲ ಯಾಕೆ ಬೇಕು’ ಎನ್ನುತ್ತಾರೆ. ನನಗೆ ಆ ಆಕ್ಷೇಪ ಒಪ್ಪಿಗೆಯಿಲ್ಲ. ಒಂದು ಕೃತಿ ಕೈಕೊಟ್ಟಾಗ ಇನ್ನೊಂದಕ್ಕೆ ಕೈಹಾಕುವುದು ಕಥೆಗಾರರ ಹಳೆಯ ರೂಢಿ. ಅದರಿಂದಲೇ ಕೃತಿ ನಿಂತಿತೆಂದು ಹೊರಗಿನವರು ತೀರ್ಮಾನಿಸಲಾಗದು.

ಅವರ ನಿಜವಾದ ಕಷ್ಟ ಬೇರೆ. ಬರಹಗಾರರಲ್ಲಿ ಮೊದಲೇ ನಕ್ಷೆ ಹಾಕಿಕೊಳ್ಳುವ ವಾಸ್ತುಶಿಲ್ಪಿಗಳು, ಬರೆಯುತ್ತ ಹೋದಂತೆ ಕಥೆಯನ್ನು ಬೆಳೆಯಲು ಬಿಡುವ ತೋಟಗಾರರು ಎಂದು ಎರಡು ಬಗೆ ಎನ್ನುವ ಮಾರ್ಟಿನ್ ತಮ್ಮನ್ನು ತೋಟಗಾರರ ಸಾಲಿಗೆ ಸೇರಿಸಿಕೊಳ್ಳುತ್ತಾರೆ. ಮೂರನೆಯ ಸಂಪುಟದ ನಂತರ ಕಥೆಯನ್ನು ಐದು ವರ್ಷ ಮುಂದಕ್ಕೆ ಹಾರಿಸಲು ಹೊರಟು, ಸಾಕಷ್ಟು ಬರೆದ ಮೇಲೆ ಆ ಯೋಜನೆಯನ್ನೇ ಕೈಬಿಟ್ಟರು. ಐದನೆಯ ಸಂಪುಟದಲ್ಲಿ ಎದುರಾದದ್ದು ಅವರೇ ‘ಮೀರೀನ್ ಗಂಟು’ ಎಂದು ಕರೆದ ಸಮಸ್ಯೆ. ಬೇರೆ ಬೇರೆ ದಿಕ್ಕಿನಿಂದ ಹೊರಟ ಪಾತ್ರಗಳು ರಾಣಿ ಡೆನೇರಿಸ್ ಇರುವ ಮೀರೀನ್ ನಗರದತ್ತ ಬರುತ್ತಿವೆ. ಯಾರು ಮೊದಲು ತಲುಪಬೇಕು, ಯಾರು ನಂತರ? ಒಬ್ಬರ ಸರದಿ ಬದಲಾದರೆ ಉಳಿದವರ ಅಧ್ಯಾಯಗಳನ್ನೂ ತಿದ್ದಬೇಕು. ಕೊನೆಗೆ ಬ್ಯಾರಿಸ್ಟನ್ ಸೆಲ್ಮಿ ಎಂಬ ಮುದಿ ಯೋಧನ ಕಣ್ಣಿನಿಂದ ಅಲ್ಲಿನ ಘಟನೆಗಳನ್ನು ಹೇಳಿಸಿದಾಗ ಗಂಟು ಸಡಿಲವಾಯಿತು. ಕಾದಂಬರಿ ಎಲ್ಲಿ, ಯಾಕೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಕೃತಿಕಾರನೇ ಇಷ್ಟು ಬಿಚ್ಚಿ ಹೇಳುವುದು ಅಪರೂಪ. ಬರೆಯಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ.

ಅವರು ಎಡವಿದ್ದು ತಾರೀಕು ಹೇಳಿದಾಗ. 2005ರ ನಾಲ್ಕನೆಯ ಸಂಪುಟದ ಕೊನೆಯಲ್ಲಿ, ಕಥೆಯ ಉಳಿದರ್ಧ ಮುಂದಿನ ವರ್ಷ ಬರಬಹುದೆಂಬ ಭರವಸೆಯಿತ್ತು. ಬರಲು ಆರು ವರ್ಷ ಹಿಡಿಯಿತು. 2019ರಲ್ಲಿ, ಮರುವರ್ಷ ನ್ಯೂಜಿಲೆಂಡಿನ ವಿಜ್ಞಾನ ಕಥಾ ಸಮ್ಮೇಳನಕ್ಕೆ ಬರುವಾಗ ‘ದಿ ವಿಂಡ್ಸ್ ಆಫ್ ವಿಂಟರ್’ ಕೈಯಲ್ಲಿರದಿದ್ದರೆ ತಮ್ಮನ್ನು ಕೂಡಿಹಾಕಿ ಎಂದು ಬರೆದರು. ಅದೂ ಆಗಲಿಲ್ಲ. ಈ ಸಾಲಿನಲ್ಲಿ 2016ರ ಜನವರಿ ಆರಂಭದ ಟಿಪ್ಪಣಿಯನ್ನು ಮಾತ್ರ ನಾನು ಎತ್ತಿಡುತ್ತೇನೆ. ಅದೇ ಪುಸ್ತಕದ ಅಕ್ಟೋಬರ್ ಕೊನೆಯ ಗಡುವು ತಪ್ಪಿತು, ಡಿಸೆಂಬರ್ ಕೊನೆಯದೂ ತಪ್ಪಿತು ಎಂದು ಒಪ್ಪಿಕೊಂಡು, ಗಡುವು ಹತ್ತಿರವಾದಷ್ಟೂ ಬರವಣಿಗೆ ನಿಧಾನವಾಯಿತೆಂದು ಅಲ್ಲಿ ನೇರವಾಗಿ ಹೇಳಿದ್ದಾರೆ. ನೋವಿನ ಬರಹ, ನಂಬಬಹುದಾದ ಬರಹ.

ಗಡುವು ಬೇಡವೆಂದರೆ ಅಂಕಿ ಕೊಡಬಹುದಲ್ಲ ಎನ್ನಬಹುದು. ಇನ್ನೊಬ್ಬ ಫ್ಯಾಂಟಸಿ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ಜಾಲತಾಣದಲ್ಲಿ ಪ್ರತಿ ಕೃತಿ ಶೇಕಡಾ ಎಷ್ಟು ಮುಗಿದಿದೆಯೆಂದು ತೋರಿಸುವ ಪಟ್ಟಿಗಳಿವೆ. ಮೊದಲೇ ನಕ್ಷೆ ಹಾಕಿಕೊಂಡು ಬರೆಯುವ ಅವರಿಗೆ ಅದು ಸಹಜ. ಬರೆದದ್ದನ್ನು ಕಿತ್ತು ಮತ್ತೆ ನೆಡುವ ಮಾರ್ಟಿನ್‌ಗೆ ಅಂಥ ಅಂಕಿ ಸುಳ್ಳಾಗುತ್ತದೆ.

ಕನ್ನಡದಲ್ಲೂ ಅರ್ಧ ಬರೆದ ಕಾದಂಬರಿಗಳನ್ನು ಇಟ್ಟುಕೊಂಡು ಓದುಗರೊಡನೆ ನೇರವಾಗಿ ಮಾತಾಡುವ ಬರಹಗಾರರಿದ್ದಾರೆ. ಅವರಲ್ಲಿ ನನ್ನ ಕೋರಿಕೆಯಿಷ್ಟೆ: ಬಿಡುಗಡೆಯ ದಿನ ಹೇಳಬೇಡಿ. ಯಾವ ಪಾತ್ರ ಎಲ್ಲಿ ನಿಂತುಬಿಟ್ಟಿದೆ, ಯಾಕೆ ಮುಂದೆ ಹೋಗುತ್ತಿಲ್ಲ ಎಂಬುದನ್ನು ಬರೆಯಿರಿ. ನಾವು ಓದುತ್ತೇವೆ.